ಅಜ್ಜಿಗೆ ಎಟುಕಬೇಕು, ಮೊಮ್ಮಗುವಿಗೆ ಎಟುಕಬಾರದು

ಮಾಡ್ಯುಲರ್ ಅಡುಗೆಮನೆ ಮಾಡುವವರು ಕಟ್ಟೆಯ ಎತ್ತರ ಎಷ್ಟಿರಲಿ ಎಂದು ಕೇಳುವುದೇ ಕಡಿಮೆ, 850 ಮಿ.ಮೀ. ಎಂದು ಬರೆದುಕೊಂಡುಬಿಡುತ್ತಾರೆ. ಐದಡಿ ಒಂದಿಂಚು ಎತ್ತರದವರಿಗೆ ಅದು ಸರಿ. ಆದರೆ ಅತ್ತೆ ನಾಲ್ಕಡಿ ಹತ್ತಿಂಚು, ಸೊಸೆ ಐದಡಿ ಆರಿಂಚು ಇರುವ ಮನೆಯಲ್ಲಿ ಅದೇ ಕಟ್ಟೆ ಒಬ್ಬರ ಭುಜ ನೋಯಿಸುತ್ತದೆ, ಇನ್ನೊಬ್ಬರ ಸೊಂಟ ನೋಯಿಸುತ್ತದೆ. ಮೂರು ತಲೆಮಾರು ಒಟ್ಟಿಗಿರುವ ಮನೆಗೆ ಕಪಾಟು ಮಾಡಿಸುವಾಗ ಟೇಪು ಗೋಡೆಗೆ ಹೋಗುವ ಮೊದಲು ಮನೆಮಂದಿಯನ್ನು ಅಳೆಯಲಿ. ಒಬ್ಬೊಬ್ಬರದು ನಾಲ್ಕು ಅಳತೆ ಸಾಕು: ನೆಲದಿಂದ ಮಡಿಸಿದ ಮೊಣಕೈಗೆ, ನೆಲದಿಂದ ಕಣ್ಣಿಗೆ, ಕೈ ಮೇಲೆತ್ತಿದಾಗ ಡಬ್ಬಿ ಹಿಡಿಯಲು ಸಿಗುವ ಎತ್ತರ, ಬಗ್ಗದೆ ಕೈ ಇಳಿಬಿಟ್ಟಾಗ ಬೆರಳ ತುದಿಯ ಎತ್ತರ. ಮನೆಯೊಳಗೆ ಚಪ್ಪಲಿ ಹಾಕುವವರಾದರೆ ಚಪ್ಪಲಿ ಹಾಕಿಕೊಂಡೇ ಅಳೆಯಿರಿ.

ಮೊಣಕೈ ಎತ್ತರದಲ್ಲಿ 100ರಿಂದ 150 ಮಿ.ಮೀ. ಕಳೆದರೆ ತರಕಾರಿ ಹೆಚ್ಚುವ ಕಟ್ಟೆಯ ಎತ್ತರ ಸಿಗುತ್ತದೆ. ಹಿಟ್ಟು ನಾದಲು, ಚಪಾತಿ ಲಟ್ಟಿಸಲು ಇನ್ನೂ ತಗ್ಗು ಬೇಕು, 200ರಿಂದ 250 ಕಳೆಯಿರಿ. ಅಲ್ಲಿ ಕೆಲಸ ಮಾಡುವುದು ಮೈಭಾರ, ಬರೀ ಮುಂಗೈ ಸಾಲದು. ಒಂದೇ ಎತ್ತರದ ಕಟ್ಟೆಯಲ್ಲಿ ಇವೆರಡೂ ಆಗುವುದಿಲ್ಲ. ದಿನಾ ಅಡುಗೆಗೆ ನಿಲ್ಲುವವರ ಅಳತೆಗೆ ಉದ್ದದ ಕಟ್ಟೆ ಮಾಡಿಸಿ, ಅದರ ಒಂದು ತುದಿಯಲ್ಲಿ 900 ಮಿ.ಮೀ. ಉದ್ದದಷ್ಟನ್ನು ಸುಮಾರು 750 ಎತ್ತರಕ್ಕೆ ಇಳಿಸಿ. ಈ ಮೆಟ್ಟಿಲು ಯಾವ ಕಾರಣಕ್ಕೂ ಒಲೆಗೂ ಸಿಂಕಿಗೂ ನಡುವೆ ಬರಬಾರದು. ಅನ್ನ ಬಸಿಯಲು ಬಿಸಿ ಪಾತ್ರೆಯನ್ನು ಕಟ್ಟೆಯ ಮೇಲೇ ಸರಿಸಿಕೊಂಡು ಹೋಗುವ ಅಭ್ಯಾಸ ಎಲ್ಲರಿಗೂ ಇರುತ್ತದೆ.

ತಗ್ಗಿನ ಭಾಗದ ಕೆಳಗೆ ಕಪಾಟು ಬೇಡ, ಖಾಲಿ ಬಿಡಿ. 700 ಅಗಲ, 450 ಆಳ, ಗ್ರಾನೈಟಿನ ಕೆಳಗೆ ಕನಿಷ್ಠ 670 ಎತ್ತರ ಇದ್ದರೆ ಕುರ್ಚಿ ಹಾಕಿಕೊಂಡು ಕಾಲು ಒಳಗಿಟ್ಟು ಕೂರಬಹುದು. ಮಂಡಿನೋವಿರುವ ಅಜ್ಜಿ ಸೊಪ್ಪು ಬಿಡಿಸಲು, ಕಾಯಿ ತುರಿಯಲು ಅಡುಗೆಮನೆಯಲ್ಲೇ ಇರುತ್ತಾರೆ. ಮಕ್ಕಳಿಗೆ ಹೋಂವರ್ಕಿಗೂ ಅದೇ ಜಾಗ. ಹುಬ್ಬಳ್ಳಿ, ಧಾರವಾಡ, ವಿಜಯಪುರದ ಕಡೆಯ ಮನೆಗಳಲ್ಲಿ ಜೋಳದ ರೊಟ್ಟಿ ಬಡಿಯುವುದೂ ಇಲ್ಲೇ ಆಗಬೇಕು. ಜಾಗ ಉಳಿಸಲು ಎಳೆದು ತೆಗೆಯುವ ಹಲಗೆ ಹಾಕೋಣ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಲಟ್ಟಣಿಗೆಗೇ ಆ ಹಲಗೆ ಅಲುಗಾಡುತ್ತದೆ, ಇನ್ನು ರೊಟ್ಟಿ ಬಡಿಯುವ ಹೊಡೆತಕ್ಕೆ ಹಲಗೆ ಜಾರುವ ಚಾನೆಲ್ಲಿನ (ಲೋಹದ ಹಳಿಯ) ಬೇರಿಂಗ್ ಬೇಗ ಸಡಿಲವಾಗುತ್ತದೆ. ಕಲ್ಲು ಎರಡೂ ಬದಿ ಗಟ್ಟಿ ಆಧಾರದ ಮೇಲೆ ಕೂತಿರಬೇಕು, ಹಿಂದೆ ಗೋಡೆಗೆ ಕಬ್ಬಿಣದ ಆ್ಯಂಗಲ್ ಇರಬೇಕು.

ಸಿಲಿಂಡರ್ ಈ ತಗ್ಗಿನ ಭಾಗದಲ್ಲಿ ಹಿಡಿಸುವುದಿಲ್ಲ. 14.2 ಕೆ.ಜಿ. ಸಿಲಿಂಡರಿನ ಎತ್ತರವೇ ಸುಮಾರು 630 ಮಿ.ಮೀ., ಅದರ ಮೇಲೆ ರೆಗ್ಯುಲೇಟರ್. ಎತ್ತರದ ಕಟ್ಟೆಯ ಕೆಳಗೆ 450 ಅಗಲದ ಗೂಡು ಬಿಡಿ, ಅದಕ್ಕೆ ತಳದ ಹಲಗೆ ಹಾಕಿಸಬೇಡಿ. ತುಂಬಿದ ಸಿಲಿಂಡರ್ ಹೆಚ್ಚುಕಡಿಮೆ 30 ಕೆ.ಜಿ., ಅದು ನೆಲದ ಮೇಲೇ ನಿಲ್ಲಲಿ. ಗ್ಯಾಸ್ ಗಾಳಿಗಿಂತ ಭಾರ, ಸೋರಿದರೆ ಕೆಳಗೆ ಕೂರುತ್ತದೆ. ಆದ್ದರಿಂದ ಗಾಳಿಯ ಕಿಂಡಿ ಬಾಗಿಲಿನ ಬುಡದಲ್ಲಿರಬೇಕು. ಅಂದಕ್ಕೆಂದು ಮೇಲೆ ಕೊರೆಸಿದ ಜಾಲರಿಯಿಂದ ಏನೂ ಉಪಯೋಗವಿಲ್ಲ.

ದೊಡ್ಡ ಕುಟುಂಬದ ಕಪಾಟು ಕೆಡುವುದು ಬಹುತೇಕ ಭಾರದಿಂದ. ಎಂಟು ಜನರ ಮನೆಯಲ್ಲಿ ಅಕ್ಕಿ 25 ಕೆ.ಜಿ. ಮೂಟೆಯಲ್ಲೇ ಬರುತ್ತದೆ, ಜೊತೆಗೆ ರಾಗಿ, ಬೇಳೆ, ಎಣ್ಣೆ ಡಬ್ಬ. 18 ಮಿ.ಮೀ. ಪ್ಲೈವುಡ್ ತಟ್ಟು (ಕಪಾಟಿನೊಳಗಿನ ಅಡ್ಡ ಹಲಗೆ) 600 ಅಗಲಕ್ಕೆ ಇದನ್ನೆಲ್ಲ ತಡೆಯುತ್ತದೆ. ಅದೇ ತಟ್ಟು 900 ಅಗಲಕ್ಕೆ ಹೋಗಿ ಅದೇ ಥರ ಕಿಕ್ಕಿರಿದು ತುಂಬಿದರೆ ಬಾಗುವುದು ಐದು ಪಟ್ಟು. ಅಗಲದ ನಾಲ್ಕನೇ ಘಾತಕ್ಕೆ ಬಾಗು ಹೆಚ್ಚುವುದರಿಂದ ಹೀಗೆ. 900ರ ಕಪಾಟೇ ಬೇಕೆಂದರೆ ನಡುವೆ ಒಂದು ನಿಲುವು ಹಲಗೆ ಕೊಡಿಸಿ, ಇಲ್ಲವೇ ಧಾನ್ಯದ ಭಾಗಕ್ಕೆ ಹಳೆಯ ಕಾಲದಂತೆ ಕಡಪ ಕಲ್ಲು ಹಾಕಿಸಿ. ಕಡಪವನ್ನು ಹಳೇ ಫ್ಯಾಷನ್ ಎಂದು ತಳ್ಳಿಹಾಕುವವರ ಮಾತು ನಮಗೆ ಹಿಡಿಸುವುದಿಲ್ಲ. ಅದು ನೀರಿಗೆ ಉಬ್ಬುವುದಿಲ್ಲ, ಅದಕ್ಕೆ ಗೆದ್ದಲೂ ಹತ್ತುವುದಿಲ್ಲ. ತೊಂದರೆ ಇರುವುದು ಬಾಗಿಲು ಕೂರಿಸುವುದರಲ್ಲಿ. ಕಲ್ಲಿಗೆ ಹಿಂಜ್ ಹಿಡಿಯುವುದಿಲ್ಲ, ಮರದ ಚೌಕಟ್ಟು ಬೇಕು. ಚೌಕಟ್ಟು ಬಂದರೆ ಒಳಗಿನ ಅಗಲ ಕಡಿಮೆಯಾಗುತ್ತದೆ. ಡ್ರಾಯರ್ ಅಳತೆ ಕೊಡುವಾಗ ಇದನ್ನು ಲೆಕ್ಕ ಹಿಡಿಯದೆ ಆಮೇಲೆ ಚೌಕಟ್ಟನ್ನೇ ಕೆತ್ತುವ ಬಡಗಿಗಳು ಬೇಕಾದಷ್ಟಿದ್ದಾರೆ.

ಅಕ್ಕಿಯ ಡ್ರಾಯರ್ ಅಂದರೆ: ತಳ 12 ಮಿ.ಮೀ., ಪಕ್ಕದ ಹಲಗೆಯಲ್ಲಿ ಉದ್ದಕ್ಕೂ ಗ್ರೂವ್ (ಸಣ್ಣ ಕಾಲುವೆ) ಕೊರೆದು ಅದರೊಳಗೆ ಕೂರಿಸಿದ್ದು. ಕೆಳಗಿನಿಂದ ಮೊಳೆ ಹೊಡೆದ ತಳ ಭಾರಕ್ಕೆ ಕಳಚಿಕೊಳ್ಳುತ್ತದೆ. ಟೆಲಿಸ್ಕೋಪಿಕ್ ಚಾನೆಲ್ 45 ಕೆ.ಜಿ. ಹೊರುವಂಥದ್ದು, ಪೂರ್ತಿ ಹೊರಗೆ ಬರುವಂಥದ್ದು. ಪ್ರತಿ ಬದಿಗೆ ಚಾನೆಲ್ಲಿಗೆ 13 ಮಿ.ಮೀ. ಬೇಕು, ಹಾಗಾಗಿ ಡ್ರಾಯರಿನ ಹೊರ ಅಗಲ ಗೂಡಿಗಿಂತ 26 ಮಿ.ಮೀ. ಕಡಿಮೆ. 24 ಆದರೆ ಬಿಗಿ, 28 ಆದರೆ ಗುಂಡುಗಳು ಅಲ್ಲಾಡಿ ಕಟಕಟ ಸದ್ದು. ಬಡಗಿ ಇಂಚಿನಲ್ಲಿ ಲೆಕ್ಕ ಹಾಕುತ್ತಾರೆ, ಹಾರ್ಡ್‌ವೇರ್ ಮಿಲಿಮೀಟರಿನಲ್ಲಿ ಬರುತ್ತದೆ. ನಕ್ಷೆಯಲ್ಲಿ ಒಂದೇ ಅಳತೆ ಬರೆಸಿ.

ದಿನಬಳಕೆಯದ್ದೆಲ್ಲ ನೆಲದಿಂದ 600ರಿಂದ 1400 ಮಿ.ಮೀ. ಒಳಗೆ ಬರಲಿ. ಐದಡಿಗಿಂತ ಗಿಡ್ಡ ಇರುವ ಹಿರಿಯರು 600 ಆಳದ ಕಟ್ಟೆಯಾಚೆ ಕೈಚಾಚಿದರೆ 1650ರ ಆಸುಪಾಸಿನಲ್ಲೇ ಹಿಡಿತ ಮುಗಿಯುತ್ತದೆ. ಅವರು ಬಳಸುವ ಗೋಡೆ ಕಪಾಟಿನ ಕೆಳಗಿನ ತಟ್ಟು 1350ಕ್ಕೇ ಶುರುವಾಗಲಿ. ಅಟ್ಟದ ಮೇಲೆ ಹಬ್ಬದ ಹಿತ್ತಾಳೆ ಪಾತ್ರೆ ಪೇರಿಸುವುದು ನಮ್ಮಲ್ಲಿ ರೂಢಿ. ಆದರೆ ಭಾರದ್ದು ಮೇಲಿದ್ದರೆ ಯಾರಾದರೊಬ್ಬರು ಸ್ಟೂಲ್ ಹತ್ತಲೇಬೇಕು, ವರಮಹಾಲಕ್ಷ್ಮಿಯ ಹಿಂದಿನ ದಿನ ಹತ್ತುವವರು ಸಾಮಾನ್ಯವಾಗಿ ಹತ್ತಬಾರದವರೇ. ಹಿತ್ತಾಳೆಯನ್ನು ಕೆಳಗಿಡಿ, ಅಟ್ಟಕ್ಕೆ ಖಾಲಿ ಸೂಟ್‌ಕೇಸು, ಹಾಸಿಗೆ ಹೊದಿಕೆ ಸಾಕು. ಎಲ್ ಆಕಾರದ ಅಡುಗೆಮನೆಯ ಮೂಲೆಗೆ ದುಬಾರಿ ತಿರುಗುವ ತಟ್ಟೆ ಹಾಕಿಸುವ ಬದಲು ಆ ಮೂಲೆಯಲ್ಲೇ ಹಿತ್ತಾಳೆ ಇಟ್ಟರೆ ಆಯಿತು, ವರ್ಷಕ್ಕೆ ನಾಲ್ಕು ಸಲ ಬಗ್ಗಿದರೆ ನಡೆಯುತ್ತದೆ.

ಮಡಿಯಲ್ಲಿ ಅಡುಗೆ ಮಾಡುವ ಹಿರಿಯರಿದ್ದರೆ ನಕ್ಷೆಗೆ ಮುಂಚೆಯೇ ಕೇಳಿ. ಡಿಸೈನರುಗಳು ಇದನ್ನು ಕೇಳುವುದಿಲ್ಲ, ಹಿರಿಯರು ಸಂಕೋಚಕ್ಕೆ ಹೇಳುವುದಿಲ್ಲ, ಗೃಹಪ್ರವೇಶವಾದ ಮರುವಾರ ಮನಸ್ತಾಪ. 600 ಅಗಲದ ಒಂದು ಕಪಾಟು ಒಲೆಯ ಪಕ್ಕಕ್ಕೆ, ಮುಸುರೆ ಸಿಂಕಿನಿಂದ ದೂರಕ್ಕೆ, ಅವರದೇ ಆಗಿ ಇದ್ದರೆ ಎಲ್ಲರಿಗೂ ನೆಮ್ಮದಿ. ಅದರೊಳಗೆ ಸ್ಟೀಲ್ ತಟ್ಟು ಹಾಕಿಸಿದರೆ ಒದ್ದೆ ಪಾತ್ರೆ ಇಟ್ಟರೂ ಚಿಂತೆಯಿಲ್ಲ.

ಹಿಡಿಕೆಯ ವಿಷಯದಲ್ಲಿ ಈಗಿನ ರುಚಿಗೂ ಹಿರಿಯರ ಕೈಗೂ ಆಗಿಬರುವುದಿಲ್ಲ. ಹಿಡಿಕೆಯಿಲ್ಲದ ಶಟರ್‌ನ (ಕಪಾಟಿನ ಬಾಗಿಲಿನ) ಸಂದಿಗೆ ಬೆರಳು ಸಿಕ್ಕಿಸಿ ಎಳೆಯುವುದು ಸಂಧಿವಾತದ ಬೆರಳಿಗೆ ಶಿಕ್ಷೆ. ಒತ್ತಿದರೆ ತೆರೆಯುವ ಬಾಗಿಲು ಮಗು ಒರಗಿದರೂ ತೆರೆಯುತ್ತದೆ. ಡಿ ಆಕಾರದ ಹಿಡಿಕೆ, ತೂತಿನಿಂದ ತೂತಿಗೆ 128 ಅಥವಾ 160 ಮಿ.ಮೀ., ನಾಲ್ಕು ಬೆರಳು ಹೋಗುವಂತೆ 35 ಮಿ.ಮೀ. ಸಂದಿ. ಏಳುವಾಗ ಹಿರಿಯರು ಅದನ್ನೇ ಹಿಡಿದು ಏಳುತ್ತಾರೆ, ಬೇಡ ಎಂದರೂ ಏಳುತ್ತಾರೆ. ಮರದ ಸ್ಕ್ರೂ ಸಾಲದು, ಶಟರ್‌ನ ಒಳಗಿನಿಂದ ಬರುವ ಬೋಲ್ಟ್ ಇರಲಿ.

ಮಾತ್ರೆಗಳ ಡ್ರಾಯರಿಗೆ ಎತ್ತರವೊಂದೇ ಪರಿಹಾರವಾಗದು. ಮಗುವಿಗೆ ಎಟುಕದಷ್ಟು ಮೇಲಿಟ್ಟರೆ ಅಜ್ಜಿಗೂ ಎಟುಕುವುದಿಲ್ಲ. 1000 ಮಿ.ಮೀ. ಎತ್ತರದಲ್ಲೇ ಇಟ್ಟು ಒಳಗೆ ಆಯಸ್ಕಾಂತದ ಬೀಗ ಹಾಕಿಸಿ. ಹೊರಗಿನಿಂದ ಆಯಸ್ಕಾಂತದ ಗುಂಡಿ ತೋರಿಸಿದರೆ ತೆರೆದುಕೊಳ್ಳುತ್ತದೆ, ಬೀಗದಕೈ ತಿರುಗಿಸುವ ಕಷ್ಟವಿಲ್ಲ. ಡ್ರಾಯರುಗಳನ್ನು ಏಣಿ ಮಾಡಿಕೊಂಡು ಹತ್ತುವ ವಯಸ್ಸಿನ ಮಕ್ಕಳಿದ್ದರೆ ನಿಲುವು ಕಪಾಟು ಪ್ರತಿಯೊಂದನ್ನೂ ಮೇಲ್ಭಾಗದಲ್ಲಿ ಗೋಡೆಗೆ ಬೋಲ್ಟ್ ಮಾಡಲೇಬೇಕು.

ದೇವರ ಕಪಾಟಿನಲ್ಲಿ ಹೆಚ್ಚಾಗಿ ತಪ್ಪುವುದು ಕೂರುವ ಎತ್ತರ. ನೆಲದ ಮೇಲೆ ಕೂತು ಪೂಜೆ ಮಾಡುವವರಿಗೆ ಪೀಠ 300ರಿಂದ 400, ಕುರ್ಚಿಯಲ್ಲಿ ಕೂರುವವರಿಗೆ 700. ಇವತ್ತು ನೆಲದ ಮೇಲೆ ಕೂರುವ ತಾತ ಐದು ವರ್ಷಕ್ಕೆ ಕುರ್ಚಿ ಕೇಳಬಹುದು, ಆದ್ದರಿಂದ ಪೀಠದ ಹಲಗೆಯನ್ನು ತೆಗೆದು ಮೇಲೆ ಕೂರಿಸುವಂತೆ ಮಾಡಿಸಿ. ದೀಪ ಇಡುವ ಜಾಗಕ್ಕೆ ಗ್ರಾನೈಟ್ ತುಂಡು. ದೀಪದ ನೇರ ಮೇಲೆ ಹತ್ತಿರದಲ್ಲಿ ತಟ್ಟಿದ್ದರೆ ಬಿಸಿಗೆ ಲ್ಯಾಮಿನೇಟ್ ಗುಳ್ಳೆ ಏಳುತ್ತದೆ, 600 ಮಿ.ಮೀ. ಬಿಡಿ. ದೀಪ ಉರಿಯುವಾಗ ಬಾಗಿಲು ಮುಚ್ಚುವಂತಿಲ್ಲ.

ಬಟ್ಟೆಯ ಬೀರು ಹೊರ ಆಳ 600 ಇದ್ದರೆ ಹ್ಯಾಂಗರ್ ಹಿಡಿಸುತ್ತದೆ. ಹಿರಿಯರ ಕೋಣೆಯಲ್ಲಿ ಹ್ಯಾಂಗರ್ ತೂಗುವ ಕೋಲು 1400ಕ್ಕೆ, ಮಗುವಿನದಕ್ಕೆ 900ಕ್ಕೆ. ಪಕ್ಕದ ಹಲಗೆಗಳಲ್ಲಿ 32 ಮಿ.ಮೀ. ಅಂತರಕ್ಕೆ 5 ಮಿ.ಮೀ. ತೂತುಗಳ ಸಾಲು ಕೊರೆಸಿಟ್ಟರೆ ಮಗು ಬೆಳೆದಂತೆ ತಟ್ಟನ್ನು ಸರಿಸಬಹುದು. ಕಣ್ಣಿನ ಪೊರೆ ಇರುವವರಿಗೆ ಬಿಳಿ ತಟ್ಟಿನ ಅಂಚು ಬಿಳಿ ಗೋಡೆಯಲ್ಲಿ ಕರಗಿಹೋಗುತ್ತದೆ. ಅಂಚಿನ ಪಟ್ಟಿ ಗಾಢ ಬಣ್ಣದ್ದಿರಲಿ, ಒಳಗೆ ಬಾಗಿಲು ತೆರೆದಾಗ ಹತ್ತುವ ದೀಪವಿರಲಿ. ಜರಿ ಸೀರೆಗೆ ಅಗಲ ತಟ್ಟು ಕೊಡಿ, ಎತ್ತರ 250 ಸಾಕು. ಹೆಚ್ಚು ಎತ್ತರವಿದ್ದಷ್ಟೂ ಪೇರಿಸುತ್ತಾರೆ, ಅಡಿಯ ಸೀರೆಗಳು ಮಡಿಕೆಯಲ್ಲೇ ಸೀಳುತ್ತವೆ.

ಹಲಗೆಗೆ ಬಂದರೆ: ಸಿಂಕಿನ ಸುತ್ತ, ಒದ್ದೆ ಗೋಡೆಯ ಪಕ್ಕ ಐಎಸ್ (ಭಾರತೀಯ ಮಾನಕ) 710 ಗುರುತಿನ ಪ್ಲೈ. ಅದರ ಅಂಟು 72 ಗಂಟೆ ಕುದಿಸುವ ಪರೀಕ್ಷೆ ತಾಳಬೇಕು. ಕೋಣೆಯ ಬೀರುವಿಗೆ ಐಎಸ್ 303 ಸಾಕು, ಎಲ್ಲ ಕಡೆ 710 ಹಾಕಿಸುವುದು ದುಡ್ಡಿನ ದಂಡ. ಏಳಡಿ ಬಾಗಿಲಿಗೆ ಪ್ಲೈಗಿಂತ ಬ್ಲಾಕ್‌ಬೋರ್ಡ್ (ಒಳಗೆ ಮರದ ಪಟ್ಟಿ ಜೋಡಿಸಿದ ಹಲಗೆ) ಒಳ್ಳೆಯದು, ಡೊಂಕಾಗುವುದು ಕಡಿಮೆ. ಹೊರಗೆ 1 ಮಿ.ಮೀ. ಲ್ಯಾಮಿನೇಟ್ ಹಾಕಿ ಒಳಗೆ ಬರೀ ಬಣ್ಣ ಬಳಿದರೆ ಯಾವ ಬಾಗಿಲೂ ಡೊಂಕಾಗುತ್ತದೆ, ಎರಡೂ ಮುಖಕ್ಕೆ ಅಂಟಿಸಿ. ಅಂಥ ಬಾಗಿಲಿಗೆ ಐದು ಹಿಂಜ್ ಕೇಳಿ, ನಾಲ್ಕಕ್ಕಿಂತ ಕಡಿಮೆಗೆ ಒಪ್ಪಬೇಡಿ. ಎರಡಡಿ ಅಗಲವಿದ್ದರೆ ಅದು 15 ಕೆ.ಜಿ. ಆಸುಪಾಸು ತೂಗುತ್ತದೆ. ಮಲೆನಾಡು, ಕರಾವಳಿಯಲ್ಲಿ ಪಶ್ಚಿಮದ ಗೋಡೆ ಮಳೆಗಾಲವಿಡೀ ನೆನೆಯುತ್ತದೆ. ಅಲ್ಲಿ ಹಿಂಬದಿ ಹಲಗೆ 9 ಮಿ.ಮೀ., ಗೋಡೆಯಿಂದ 12 ಮಿ.ಮೀ. ದೂರ. ಸ್ಕರ್ಟಿಂಗಿನಲ್ಲೂ (ಕಪಾಟಿನ ಬುಡದ ಪಟ್ಟಿ) ಮೇಲ್ತುದಿಯಲ್ಲೂ ಗಾಳಿಗೆ ಜಾಗ. ಕಪಾಟು 100 ಮಿ.ಮೀ. ಪಿವಿಸಿ ಕಾಲಿನ ಮೇಲೆ ನಿಲ್ಲಲಿ, ನೆಲ ಒರೆಸುವ ನೀರು ಹಲಗೆಗೆ ತಾಗಬಾರದು.

ಗೋಡೆಯ ಅಳತೆಯನ್ನು ಟೈಲ್ಸ್, ಪ್ಲಾಸ್ಟರ್ ಎಲ್ಲ ಮುಗಿದ ಮೇಲೆಯೇ ತೆಗೆಯಿರಿ. ಮೇಲೆ, ನಡುವೆ, ಕೆಳಗೆ ಮೂರು ಕಡೆ ಅಳೆದು ಅತಿ ಚಿಕ್ಕದನ್ನು ಹಿಡಿಯಿರಿ. ಮೂಲೆಯಿಂದ ಎದುರು ಮೂಲೆಗೆ ಎರಡು ಓರೆ ಅಳತೆಯೂ ಬೇಕು, ಅವೆರಡು ಹೊಂದದಿದ್ದರೆ ಗೂಡು ಸೊಟ್ಟಗಿದೆ ಎಂದರ್ಥ. ಗೋಡೆ ಪಕ್ಕದ ಡ್ರಾಯರಿಗೆ 50 ಮಿ.ಮೀ. ಫಿಲ್ಲರ್ (ಸಂದಿ ಮುಚ್ಚುವ ಪಟ್ಟಿ) ಬಿಡದಿದ್ದರೆ ಬಾಗಿಲ ಚೌಕಟ್ಟಿಗೆ ಹಿಡಿಕೆ ಬಡಿದು ಡ್ರಾಯರ್ ಅರ್ಧಕ್ಕೇ ನಿಲ್ಲುತ್ತದೆ. ಕೊನೆಯ ಕಂತು ಕೊಡುವ ಮೊದಲು ಅಕ್ಕಿಯ ಡ್ರಾಯರ್ ಪೂರ್ತಿ ತುಂಬಿಸಿ ಎಳೆದು ನೋಡಿ, ಅಜ್ಜಿಯನ್ನು ಕುರ್ಚಿಯಲ್ಲಿ ಕೂರಿಸಿ ಕಟ್ಟೆಯ ಕೆಳಗೆ ಮಂಡಿ ತಾಗುತ್ತದೆಯೇ ನೋಡಿ. ಉಳಿದ ಲ್ಯಾಮಿನೇಟ್ ತುಂಡು, ನಾಲ್ಕು ಹೆಚ್ಚುವರಿ ಹಿಂಜ್ ತೆಗೆದಿರಿಸಿಕೊಂಡು, ಲ್ಯಾಮಿನೇಟಿನ ಕಂಪನಿ ಹೆಸರು ಮತ್ತು ನಂಬರನ್ನು ಯಾವುದಾದರೊಂದು ಶಟರ್‌ನ ಒಳಗೆ ಬರೆದಿಡಿ. ಮೂರು ವರ್ಷವಾದ ಮೇಲೆ ಅಂಗಡಿಯಲ್ಲಿ ಆ ಬಣ್ಣ ಸಿಗುವುದು ಖಾತ್ರಿಯಿಲ್ಲ.