ಚಳಿಗಾಲದ ಗೋವಾದಲ್ಲಿ ಅಪರೂಪದ ಹಕ್ಕಿಗಳು: ಮೊದಲು ತಿಥಿ ನೋಡಿ, ಆಮೇಲೆ ಟಿಕೆಟ್ ಮಾಡಿಸಿ

ಗೋವಾಕ್ಕೆ ಹಕ್ಕಿ ನೋಡಲು ಬರುವವರ ಕೈಯಲ್ಲಿ ಜಾಗಗಳ ಪಟ್ಟಿ ಸರಿಯಾಗಿಯೇ ಇರುತ್ತದೆ. ತಪ್ಪುವುದು ಹೊತ್ತು. ಪಣಜಿಯ ಸುತ್ತಲಿನ ಅಳಿವೆ, ಕಾಂಡ್ಲಾ (ಮ್ಯಾಂಗ್ರೋವ್) ಕಾಡು, ನಮ್ಮ ಕುಮಟಾ-ಅಂಕೋಲಾ ಕಡೆಯ ಗಜನಿಯಂತಿರುವ, ಉಪ್ಪುನೀರು ಬರುವ ಖಾಜನ್ ಗದ್ದೆ, ಎಲ್ಲ ಕಡೆಯೂ ಹಕ್ಕಿ ಎಲ್ಲಿರಬೇಕೆಂದು ತೀರ್ಮಾನಿಸುವುದು ಉಬ್ಬರ-ಇಳಿತ. ಮರ್ಮಗೋವಾ ಬಂದರಿನ ಉಬ್ಬರದ ವೇಳಾಪಟ್ಟಿ ಅಂತರ್ಜಾಲದಲ್ಲಿ ಸಿಗುತ್ತದೆ. ಅದನ್ನು ನೋಡಿ ಆಮೇಲೆ ದಿನಾಂಕ ಗೊತ್ತು ಮಾಡಿ.

ಅಂದಾಜಿಗೆ ಪಂಚಾಂಗವೇ ಸಾಕು. ಹುಣ್ಣಿಮೆ, ಅಮಾವಾಸ್ಯೆಗಳಂದು ಇಲ್ಲಿ ಉಬ್ಬರ ಮಧ್ಯಾಹ್ನದ ಆಸುಪಾಸಿಗೆ ಬರುತ್ತದೆ, ಇಳಿತ ನಸುಕಿಗೆ ಮತ್ತು ಸಂಜೆಗೆ. ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುವುದರಿಂದ ತದಿಗೆ-ಚೌತಿಯ ಹೊತ್ತಿಗೆ ಇಳಿತ ಬೆಳಗಿನ ಏಳೂವರೆ-ಎಂಟಕ್ಕೆ ಬಂದು ನಿಲ್ಲುತ್ತದೆ. ದೋಣಿಯಲ್ಲಿ ಹಕ್ಕಿ ನೋಡಲು ಅದೇ ಒಳ್ಳೆಯ ಸಮಯ. ಅಷ್ಟಮಿ ಕಳೆದ ಮೇಲೆ ಮುಂಜಾನೆ ಉಬ್ಬರ ಇರುತ್ತದೆ, ಅದು ಕಡಲತೀರದಲ್ಲಿ ಗೊರವಗಳನ್ನು, ಅಂದರೆ ನೀರಂಚಿನ ಹಕ್ಕಿಗಳನ್ನು, ನೋಡಲು ಅನುಕೂಲ. ಆದರೆ ಅಷ್ಟಮಿಯ ಆಸುಪಾಸಿನಲ್ಲಿ ನೀರಿನ ಏರಿಳಿತವೇ ಕಡಿಮೆ, ಕೆಸರು ಅಷ್ಟಾಗಿ ತೆರೆದುಕೊಳ್ಳುವುದಿಲ್ಲ. ಮೂರೇ ದಿನದ ಪ್ರವಾಸವಾದರೆ ತದಿಗೆಗೆ ಶುರು ಮಾಡುವುದು ಮೇಲು.

ತಿಂಗಳ ವಿಷಯದಲ್ಲಿ ನಮ್ಮ ಆಯ್ಕೆ ಸಂಕ್ರಾಂತಿ ಕಳೆದ ಮೇಲಿನ ನಾಲ್ಕು ವಾರ. ನವೆಂಬರಿನಿಂದಲೇ ವಲಸೆ ಹಕ್ಕಿಗಳು ಇರುತ್ತವೆ ನಿಜ, ಆದರೆ ಕ್ರಿಸ್‌ಮಸ್‌ನಿಂದ ಹೊಸ ವರ್ಷದವರೆಗೆ ಕಡಲತೀರದಲ್ಲಿ ಬೆಳಗಿನ ಆರಕ್ಕೂ ಜನ ಇರುತ್ತಾರೆ, ಕೋಣೆಯ ಬಾಡಿಗೆ ವಿಪರೀತ ಏರಿರುತ್ತದೆ.

ಮೊರ್ಜಿಂ ಕಡಲತೀರಕ್ಕೆ ಒಂದು ಪೂರ್ತಿ ಬೆಳಗು ಮೀಸಲಿಡಿ. ಪಣಜಿಯಿಂದ ಶಿವೋಲಿ ಸೇತುವೆಯ ಮೇಲೆ ಹೋದರೆ ಸುಮಾರು 30 ಕಿಲೋಮೀಟರ್. ಶಾಪೋರಾ ನದಿ ಕಡಲು ಸೇರುವ ತೆಂಕಣ ತುದಿಯ ಮರಳಿನ ಮೇಲೆ ಕಡಲಕ್ಕಿ (ಗಲ್) ಮತ್ತು ಅವುಗಳ ಹತ್ತಿರದ ಬಳಗದ ಟರ್ನ್‌ಗಳ ದೊಡ್ಡ ಹಿಂಡು ಕೂರುತ್ತದೆ. ತೀರ ಪಡುವಣಕ್ಕೆ ಮುಖ ಮಾಡಿರುವುದರಿಂದ ಬೆಳಿಗ್ಗೆ ಸೂರ್ಯ ನಿಮ್ಮ ಬೆನ್ನಿಗಿರುತ್ತಾನೆ. ಸಂಜೆ ಹೋದರೆ ಎಲ್ಲ ಹಕ್ಕಿಯೂ ಕಪ್ಪು ನೆರಳಾಗಿ ಕಾಣುತ್ತದೆ, ಕಾಲಿನ ಬಣ್ಣ, ಕೊಕ್ಕಿನ ತುದಿ ಯಾವುದೂ ತಿಳಿಯುವುದಿಲ್ಲ. ಒಂಬತ್ತೂವರೆ ದಾಟಿದರೆ ಮರಳಿನ ಮೇಲೆ ಬಿಸಿಗಾಳಿ ಕುದಿಯತೊಡಗುತ್ತದೆ, ಆಗ 60 ಪಟ್ಟು ಹಿಗ್ಗಿಸುವ ಸ್ಪಾಟಿಂಗ್ ಸ್ಕೋಪ್ ಇದ್ದರೂ ಉಪಯೋಗವಿಲ್ಲ. ಸೂರ್ಯೋದಯಕ್ಕೆ ಅಲ್ಲಿರಿ.

ಹಿಂಡಿನಲ್ಲಿ ಹೆಚ್ಚಿನವು ಕಂದುತಲೆ ಮತ್ತು ಕಪ್ಪುತಲೆಯ ಕಡಲಕ್ಕಿಗಳು. ಅಪರೂಪದ್ದು ಬೇಕಾದರೆ ಮೊದಲು ಇವೆರಡನ್ನು ಕಣ್ಣಿಗೆ ರೂಢಿ ಮಾಡಿಕೊಳ್ಳಬೇಕು. ಬೆಳೆದ ಕಂದುತಲೆಯದಕ್ಕೆ ತಿಳಿಗಣ್ಣು, ರೆಕ್ಕೆಯ ಕಪ್ಪು ತುದಿಯಲ್ಲಿ ಬಿಳಿ ಮಚ್ಚೆ. ಕಪ್ಪುತಲೆಯದಕ್ಕೆ ಕಪ್ಪುಗಣ್ಣು. ಹೆಸರು ಏನೇ ಇರಲಿ, ಚಳಿಗಾಲದಲ್ಲಿ ಎರಡರ ತಲೆಯೂ ಬಿಳಿ, ಕಿವಿಯ ಬಳಿ ಕಪ್ಪು ಚುಕ್ಕೆ ಮಾತ್ರ. ಚುಕ್ಕೆ ಇಲ್ಲದಂತೆಯೇ ತೋರುವ ಬಿಳಿ ತಲೆ, ಇಳಿಜಾರಾದ ಉದ್ದ ಹಣೆ, ನೀಳ ಕೊಕ್ಕು ಕಂಡರೆ ಅಲ್ಲೇ ನಿಲ್ಲಿ, ಅದು ಸ್ಲೆಂಡರ್-ಬಿಲ್ಡ್ ಗಲ್ ಇರಬಹುದು. ಎಲ್ಲಕ್ಕಿಂತ ದೊಡ್ಡದಾಗಿ, ಹಳದಿ ಕೊಕ್ಕಿನ ತುದಿಯಲ್ಲಿ ಕಪ್ಪು-ಕೆಂಪು ಪಟ್ಟಿ ಇರುವುದು ಪಲ್ಲಾಸ್ ಗಲ್. ಟರ್ನ್‌ಗಳಲ್ಲಿ ಕೊಕ್ಕು ನೋಡಿದರೆ ಸಾಕು: ಕಿತ್ತಳೆಯಾದರೆ ಲೆಸ್ಸರ್ ಕ್ರೆಸ್ಟೆಡ್, ಹಳದಿಯಾದರೆ ಗ್ರೇಟರ್ ಕ್ರೆಸ್ಟೆಡ್, ಕಪ್ಪು ಕೊಕ್ಕಿಗೆ ಹಳದಿ ತುದಿ ಇದ್ದರೆ ಸ್ಯಾಂಡ್‌ವಿಚ್ ಟರ್ನ್. ನೀರಂಚಿನಲ್ಲಿ ಓಡಾಡುವ ಸಣ್ಣ ಸ್ಯಾಂಡ್ ಪ್ಲವರ್‌ಗಳ ನಡುವೆ ದಪ್ಪನೆಯ, ಎದೆಯ ಮೇಲೆ ಚುಕ್ಕೆಗಳಿರುವ ಹಕ್ಕಿ ಸಿಕ್ಕರೆ ಅದು ಗ್ರೇಟ್ ನಾಟ್ ಹೌದೇ ಎಂದು ಪರೀಕ್ಷಿಸಿ. ಜಗತ್ತಿನಲ್ಲೇ ಅಳಿವಿನಂಚಿಗೆ ಬಂದಿರುವ ಹಕ್ಕಿ ಅದು. ಹಳೆಯ ಕೈಪಿಡಿ ಇಟ್ಟುಕೊಂಡವರು ಗಮನಿಸಿ: ಲೆಸ್ಸರ್ ಸ್ಯಾಂಡ್ ಪ್ಲವರ್ ಈಗ ಎರಡು ಪ್ರಭೇದವಾಗಿದೆ. ನಮ್ಮ ಪಶ್ಚಿಮ ಕರಾವಳಿಯಲ್ಲಿ ಕಾಣುವವು ಹೆಚ್ಚಾಗಿ ಅವುಗಳಲ್ಲಿ ಒಂದಾದ ಟಿಬೆಟನ್ ಸ್ಯಾಂಡ್ ಪ್ಲವರ್.

ಫೋಟೊಕ್ಕಾಗಿ ಹಿಂಡಿನತ್ತ ನಡೆದುಹೋಗಬೇಡಿ. ದೂರದಿಂದ ಹಾರಿಬಂದ ಹಕ್ಕಿಗಳು ವಿಶ್ರಾಂತಿ ಪಡೆಯುವ ಜಾಗವದು, ಎಬ್ಬಿಸಿದಷ್ಟು ಸಲವೂ ಅವು ಕೂಡಿಟ್ಟ ಕೊಬ್ಬು ಕರಗುತ್ತದೆ. ಊರ ನಾಯಿಗಳು ಹೇಗೂ ಆಗಾಗ ಅಟ್ಟುತ್ತಲೇ ಇರುತ್ತವೆ. ಹಾರುವ ಭಂಗಿ ಬೇಕಿದ್ದರೆ ಆ ಹೊತ್ತಿಗೆ ಕ್ಯಾಮೆರಾ ಸಿದ್ಧವಾಗಿಟ್ಟುಕೊಳ್ಳಿ. ಅಪರೂಪದ ಕಡಲಕ್ಕಿಯ ದಾಖಲೆಗೆ ಬಿಚ್ಚಿದ ರೆಕ್ಕೆಯ ಚಿತ್ರ ಬೇಕೇ ಬೇಕು. ಇದೇ ತೀರದಲ್ಲಿ ಕಡಲಾಮೆಗಳು ಮೊಟ್ಟೆಯಿಡುತ್ತವೆ, ಬೇಲಿ ಹಾಕಿದ ಜಾಗದೊಳಗೆ ಕಾಲಿಡಬೇಡಿ.

ಕಾಲರ್ಡ್ ಕಿಂಗ್‌ಫಿಷರ್ ನೋಡಲೆಂದೇ ಗೋವಾಕ್ಕೆ ಬರುವವರಿದ್ದಾರೆ. ಇದು ವಲಸೆ ಬರುವ ಹಕ್ಕಿಯಲ್ಲ, ಕಾಂಡ್ಲಾ ಕಾಡನ್ನೇ ನಂಬಿರುವ ಮಿಂಚುಳ್ಳಿ. ಪಶ್ಚಿಮ ಕರಾವಳಿಯಲ್ಲಿ ಅಲ್ಲೊಂದು ಇಲ್ಲೊಂದು ಕಡೆ ಮಾತ್ರ ಇದೆ. ಜುವಾರಿ ಮತ್ತು ಮಾಂಡೋವಿಯನ್ನು ಸೇರಿಸುವ ಕುಂಭಾರಜುವೆ ಕಾಲುವೆ ಅದಕ್ಕೆ ಒಳ್ಳೆಯ ಜಾಗ. ಜುವಾರಿ ಸೇತುವೆಯ ಬುಡದ ಕೊರ್ತಾಲಿಂನಿಂದ ದೋಣಿಗಳು ಹೊರಡುತ್ತವೆ. ವಾಸ್ಕೋ, ಜುವಾರಿನಗರದ ಕಡೆ ನಮ್ಮವರ ಮನೆಯಲ್ಲಿ ಉಳಿದುಕೊಳ್ಳುವವರಿಗೆ ಇದು ಪಣಜಿಗೆ ಹೋಗುವ ದಾರಿಯಲ್ಲೇ ಸಿಗುತ್ತದೆ. ಹಿಂದಿನ ದಿನವೇ ದೋಣಿಯವರ ಹತ್ತಿರ ಮಾತಾಡಿ, ಮೊಸಳೆ ತೋರಿಸುವ ದೊಡ್ಡ ದೋಣಿ ಬೇಡ, ಚಿಕ್ಕದು ಬೇಕು, ಹಕ್ಕಿ ಕಂಡಲ್ಲಿ ಎಂಜಿನ್ ನಿಲ್ಲಿಸಬೇಕು ಎಂದು ಹೇಳಿ. ದರವನ್ನು ಇಡೀ ದೋಣಿಗೆಂದೇ ಕೇಳಿ.

ಇಳಿತಕ್ಕೆ ಒಂದು ಗಂಟೆ ಮೊದಲು ಹೊರಟರೆ ಕೆಸರು ದಂಡೆ ತೆರೆದುಕೊಳ್ಳುವುದೂ ನೀರು ತಿರುಗುವುದೂ ಎರಡೂ ಸಿಗುತ್ತವೆ. ಕಾಲುವೆಯ ಒಳಗೆ ಇಳಿತ ಬಂದರಿನ ಪಟ್ಟಿಗಿಂತ ಸ್ವಲ್ಪ ತಡ, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ. ಏಡಿ ಹಿಡಿಯಲು ಮಿಂಚುಳ್ಳಿ ತಗ್ಗಿನ ಬೇರಿಗೆ ಇಳಿದು ಬರುವುದು ಆಗಲೇ. ಉಬ್ಬರದಲ್ಲಿ ನೀರು ಕಾಂಡ್ಲಾದೊಳಗೆ ನುಗ್ಗಿ ಹಕ್ಕಿ ಒಳಕ್ಕೆ ಸರಿದಿರುತ್ತದೆ, ಕೂಗು ಮಾತ್ರ ಕೇಳಿಸುತ್ತದೆ. ಹಸಿರು ಛಾಯೆಯ ನೀಲಿ ಬೆನ್ನು, ಕುತ್ತಿಗೆ ಸುತ್ತ ಬಿಳಿ ಪಟ್ಟಿ, ಹೊಟ್ಟೆ ಅಚ್ಚಬಿಳಿ, ಕೊಕ್ಕು ಕಪ್ಪು. ಕೆಂಪು ಕೊಕ್ಕು ಕಂಡರೆ ಅದು ಬಿಳಿ ಗಂಟಲಿನ ಊರ ಮಿಂಚುಳ್ಳಿಯೋ, ಕಪ್ಪು ಟೋಪಿಯ ಬ್ಲ್ಯಾಕ್-ಕ್ಯಾಪ್ಡ್ ಮಿಂಚುಳ್ಳಿಯೋ ಇರಬಹುದು. ದೋಣಿಯಲ್ಲಿ 10 ಪಟ್ಟಿನ ಬೈನಾಕ್ಯುಲರ್ ಅಲುಗಾಡುತ್ತದೆ, 8 ಪಟ್ಟಿನದು (8×42) ಸಾಕು. ಮೊಸಳೆಗಳು ನಿಜವಾಗಿಯೂ ಇವೆ, ಕೈ ನೀರಿಗೆ ಇಳಿಬಿಡಬೇಡಿ. ಕೋಣೆಗೆ ಬಂದ ಕೂಡಲೇ ಲೆನ್ಸಿನ ಹೊರಮೈಯನ್ನು ಒದ್ದೆ ಬಟ್ಟೆಯಿಂದ ಒರೆಸಿ. ಒಣಬಟ್ಟೆಯಲ್ಲಿ ಒರೆಸಿದರೆ ಉಪ್ಪಿನ ಹರಳು ಗಾಜನ್ನು ಗೀರುತ್ತದೆ.

ಚೋರಾವ್ ದ್ವೀಪದ ಸಲೀಂ ಅಲಿ ಪಕ್ಷಿಧಾಮ ಚಿಕ್ಕದು, 1.78 ಚದರ ಕಿಲೋಮೀಟರ್. ರಾಯಬಂದರಿನಿಂದ ಫೆರಿ ಹತ್ತಿ ಇಳಿದರೆ ಹತ್ತಿರದಲ್ಲೇ ಇದೆ. ಧಾಮದೊಳಗಿನ ಕಾಲುದಾರಿಯಲ್ಲಿ ನಿಧಾನವಾಗಿ ನಡೆದರೆ ಸ್ಲೇಟಿ-ಬ್ರೆಸ್ಟೆಡ್ ರೈಲ್ ಎಂಬ ನಾಚಿಕೆಯ ಹಕ್ಕಿ ಕೆಸರಿಗೆ ಬರುವುದನ್ನು ನೋಡಬಹುದು, ಮಾತಾಡುತ್ತಾ ಹೋದರೆ ಏನೂ ಇಲ್ಲ. ಅಷ್ಟಕ್ಕೇ ಹಿಂದಿರುಗಬೇಡಿ. ದ್ವೀಪದ ಗದ್ದೆ ಬಯಲಿನಲ್ಲಿ ಲೆಸ್ಸರ್ ಅಡ್ಜುಟೆಂಟ್ ಕೊಕ್ಕರೆ ಇಳಿಯುವುದುಂಟು, ಸ್ಕೂಟರಿನಲ್ಲಿ ಒಂದು ಸುತ್ತು ಹಾಕಿ. ಬಾಡಿಗೆ ಸ್ಕೂಟರ್ ತೆಗೆದುಕೊಳ್ಳುವಾಗ ಕಪ್ಪು ನಂಬರ್ ಫಲಕದ ಮೇಲೆ ಹಳದಿ ಅಕ್ಷರ ಇರುವುದನ್ನೇ ಕೇಳಿ. ಬಿಳಿ ಫಲಕದ ಖಾಸಗಿ ಗಾಡಿಯಾದರೆ ಪೊಲೀಸರು ತಡೆದಾಗ ಬೆಳಗಿನ ಹೊತ್ತು ಅಲ್ಲೇ ಕಳೆಯುತ್ತದೆ.

ಕರಮಳಿ ಕೆರೆಯನ್ನು ಕೊನೆಯ ದಿನಕ್ಕಿಡಿ. ಕೊಂಕಣ ರೈಲ್ವೆಯ ಕರಮಳಿ ನಿಲ್ದಾಣ ಕೆರೆಯ ಪಕ್ಕದಲ್ಲೇ ಇದೆ. ಶಿಳ್ಳೆ ಬಾತು, ಕಾಟನ್ ಟೀಲ್ ಎಂಬ ಸಣ್ಣ ಬಾತು, ದೇವನಕ್ಕಿ (ಜಕಾನಾ) ನೋಡಿಕೊಂಡೇ ಕಾರವಾರ, ಉಡುಪಿ ಕಡೆಯ ರೈಲು ಹತ್ತಬಹುದು. ಎಲ್ಲ ಗಾಡಿಗಳೂ ಅಲ್ಲಿ ನಿಲ್ಲುವುದಿಲ್ಲ, ಟಿಕೆಟ್ ಮಾಡಿಸುವಾಗಲೇ ನೋಡಿಕೊಳ್ಳಿ. ಹುಬ್ಬಳ್ಳಿ ಕಡೆಗೆ ಹೋಗುವವರು ಮಡಗಾಂವ್‌ಗೆ ಹೋಗಿ ಲೋಂಡಾ ಮಾರ್ಗದ ಗಾಡಿ ಹಿಡಿಯಬೇಕು.