ಅಪ್ಪನಿಗೊಂದು ಮ್ಯೂಸಿಕ್ ಪ್ಲೇಯರ್ ಹುಡುಕ್ತಾ

ಅಪ್ಪ ಬೆಳಗ್ಗೆ ವಾಕಿಂಗ್‌ಗೆ ಫೋನ್ ತಗೊಂಡು ಹೋಗಲ್ಲ, ಯಾರಾದ್ರೂ ಕಾಲ್ ಮಾಡ್ತಾನೇ ಇರ್ತಾರೆ ಅಂತ. ಅಂಗಿಗೆ ಸಿಕ್ಕಿಸ್ಕೊಂಡು ಬಟನ್ ಒತ್ತಿದ್ರೆ ಹಾಡು ಬರೋ ಅಂಥದ್ದೊಂದು ಕೊಡಿಸೋಣ ಅಂತ ಮೂರು ದಿನದಿಂದ ಹುಡುಕ್ತಿದೀನಿ, ಸಿಗೋದು ಒಂದೋ ಹೆಸರೇ ಕೇಳದ ಕಂಪನಿಯ ತೀರಾ ಅಗ್ಗದ್ದು, ಇಲ್ಲಾ ಆಡಿಯೋ ಹುಚ್ಚಿರೋರಿಗೆ ಅಂತಾನೇ ಮಾಡಿರೋ ದುಬಾರಿ ಮಾಲು. ಮಧ್ಯದ್ದು ಮಾಯ.

ಮೊದ್ಲಿಂದ ಹೀಗಿರ್ಲಿಲ್ಲ. 1998ರಲ್ಲಿ ಬಂದ ರಿಯೋ ಪ್ಲೇಯರ್‌ಗೆ 200 ಡಾಲರ್, ಮೆಮೊರಿ ಬರೀ 32 ಎಂಬಿ, ಅಂದ್ರೆ ಅರ್ಧ ಗಂಟೆ ಹಾಡು. 2001ರಲ್ಲಿ ಆಪಲ್ ತಂದ ಮೊದಲ ಐಪಾಡ್ 399 ಡಾಲರ್, 5 ಜಿಬಿ, ಒಳಗೆ ಪುಟ್ಟ ಹಾರ್ಡ್ ಡಿಸ್ಕ್. ಈ ಹಾರ್ಡ್ ಡಿಸ್ಕ್‌ದೇ ತೊಂದ್ರೆ, ಎಷ್ಟೇ ಚಿಕ್ಕದು ಮಾಡಿದ್ರೂ ಮೋಟರ್ ಬೇಕು, ಓದೋಕೆ-ಬರೆಯೋಕೆ ಹೆಡ್ ಬೇಕು, ತಿರುಗೋ ತಟ್ಟೆ ಬೇಕು, ಹಾಗಾಗಿ ರೇಟು ಒಂದು ಮಟ್ಟಕ್ಕಿಂತ ಕೆಳಗೆ ಇಳಿಯಲ್ಲ. ಫ್ಲ್ಯಾಶ್ ಮೆಮೊರಿಗೆ (ಮೆಮೊರಿ ಕಾರ್ಡ್ ಒಳಗಿರೋ ಥರದ ಚಿಪ್) ಆ ಕಾಟ ಇಲ್ಲ, ಕಮ್ಮಿ ಹಾಡು ಸಾಕು ಅಂದ್ರೆ ಒಂದೇ ಚಿಪ್ ಹಾಕಿದ್ರಾಯ್ತು. ಅದಕ್ಕೇ 2005ರಲ್ಲಿ ಆಪಲ್‌ನ ಪುಟ್ಟ ಪ್ಲೇಯರ್ ಐಪಾಡ್ ಶಫಲ್ 512 ಎಂಬಿ 99 ಡಾಲರ್‌ಗೆ ಬಂತು, ಮಾರನೇ ವರ್ಷ 1 ಜಿಬಿದು 79, 2008ರಲ್ಲಿ ಅದೇ 1 ಜಿಬಿ 49! ಮೂರೇ ವರ್ಷದಲ್ಲಿ ಮೆಮೊರಿ ಡಬಲ್, ಬೆಲೆ ಅರ್ಧ. 2005ರ ಕೊನೆಗೆ ಆಪಲ್ ಫ್ಲ್ಯಾಶ್ ಚಿಪ್ ಮಾಡೋ ಕಂಪನಿಗಳಿಗೆ 125 ಕೋಟಿ ಡಾಲರ್ ಅಡ್ವಾನ್ಸ್ ಕೊಡೋಕೆ ಒಪ್ಪಂದ ಮಾಡ್ಕೊಂಡಿತ್ತು, ಮಾರ್ಕೆಟ್‌ನಲ್ಲಿ ಚಿಪ್‌ಗೆ ಎಷ್ಟು ಬೇಡಿಕೆ ಇತ್ತು ಅಂತ ಅದರಲ್ಲೇ ಗೊತ್ತಾಗುತ್ತೆ.

ನನಗೆ ಬೇಜಾರಾಗೋದು ಆಮೇಲಿನ ಕಥೆ. 2010ರ ಶಫಲ್, ಅಂಗಿಗೆ ಸಿಕ್ಕಿಸ್ಕೊಳ್ಳೋ ಅಂಥದ್ದು, 2 ಜಿಬಿ, 49 ಡಾಲರ್. 2017ರಲ್ಲಿ ನಿಲ್ಲಿಸಿದಾಗ್ಲೂ ಅದೇ 2 ಜಿಬಿ, ಅದೇ 49. ಅಷ್ಟು ವರ್ಷದಲ್ಲಿ ಮೆಮೊರಿ ಕಾರ್ಡ್ ರೇಟು ಎಷ್ಟು ಬಿತ್ತು ಅಂತ ನಾವೇ ನೋಡಿದೀವಿ, ಆದ್ರೆ ಆ ಲಾಭ ಈ ಡಬ್ಬಿಗೆ ಬರ್ಲೇ ಇಲ್ಲ, ಎಲ್ಲಾರ ಕೈಗೂ ಫೋನ್ ಬಂದಿತ್ತು, ಇದರ ಕಡೆ ಯಾರಿಗೂ ಗಮನ ಇರ್ಲಿಲ್ಲ. ಅತ್ಲಾಗೆ 2016ರಲ್ಲಿ ಸೋನಿ ತಾಮ್ರದ ಬಾಡಿಗೆ ಚಿನ್ನದ ಲೇಪ ಹಾಕಿ ತಂದ ವಾಕ್‌ಮನ್ 3,000 ಡಾಲರ್ ದಾಟಿತ್ತು.

ಸರೆಗಮ ಕಾರವಾನ್ ನೋಡಿದೆ, ಅಪ್ಪನ ಕಾಲದ ಹಾಡೆಲ್ಲ ಅದರಲ್ಲೇ ತುಂಬಿರುತ್ತೆ, ಚೆನ್ನಾಗಿದೆ, ಆದ್ರೆ ಅದು ಮನೇಲಿಟ್ಟು ಕೇಳೋ ರೇಡಿಯೋ ಥರದ್ದು, ಅಂಗಿಗೆ ಸಿಕ್ಕಿಸೋದಲ್ಲ. ಸದ್ಯಕ್ಕೆ ಸೆಕೆಂಡ್ ಹ್ಯಾಂಡ್ ಶಫಲ್ ಒಂದನ್ನ ನೋಡಿಟ್ಟಿದೀನಿ. ಇಷ್ಟು ವರ್ಷದ ಮೇಲೆ ಅದರ ಬ್ಯಾಟರಿ ಒಂದು ಗಂಟೆ ವಾಕಿಂಗ್‌ಗಾದ್ರೂ ಬರುತ್ತಾ, ಈಗಲೂ ಬಳಸ್ತಿರೋರು ಯಾರಾದ್ರೂ ಇದ್ರೆ ದಯವಿಟ್ಟು ಹೇಳಿ.