ಹೋಗ್ಲಿಕ್ಕೆ ತೊಂದ್ರೆ ಇಲ್ಲ

ಸೋಮವಾರ ರಾತ್ರಿ ಊರಿಂದ ವಾಪಸ್ ಬಂದೆವು. ಇವತ್ತು ಗುರುವಾರ. ಇಷ್ಟು ದಿನವೂ ಒಂದೇ ಮಾತು ತಲೆಯಲ್ಲಿ ಸುತ್ತುತ್ತಿದೆ. ನೆಲ್ಯಾಡಿ ಹತ್ತಿರದ ಪಂಚರ್ ಅಂಗಡಿಯವರು ಹೇಳಿದ್ದು.

"ಹೋಗ್ಲಿಕ್ಕೆ ಏನೂ ತೊಂದ್ರೆ ಇಲ್ಲ ಸರ್. ನಿಲ್ಲಿಸ್ಲಿಕ್ಕೆ ಮಾತ್ರ ಕಷ್ಟ."

ವ್ಯಂಗ್ಯವಾಗಿ ಹೇಳಿದ್ದಲ್ಲ. ಕೈಯಲ್ಲಿದ್ದ ಗ್ರೀಸನ್ನು ಬಟ್ಟೆಗೆ ಒರೆಸಿಕೊಳ್ಳುತ್ತಾ, ಇವತ್ತು ಮಳೆ ಸ್ವಲ್ಪ ಜಾಸ್ತಿ ಎನ್ನುವ ಹಾಗೆ ಹೇಳಿದರು. ಹೇಳಿ ಪಕ್ಕದಲ್ಲಿ ನಿಂತಿದ್ದ ಪಿಕಪ್ ಕಡೆಗೆ ಹೋದರು. ನನ್ನ ಹೆಂಡತಿ ನನ್ನ ಮುಖ ನೋಡಿದಳು. ನಾನು ಮಳೆ ನೋಡಿದೆ.

ಅತ್ತೆಗೆ ಕಣ್ಣಿನ ಪೊರೆ ಆಪರೇಷನ್ ಆಗಿತ್ತು. ನೋಡಿಕೊಂಡು ಬರೋಣ ಎಂದು ಶನಿವಾರ ಬೆಳಿಗ್ಗೆ ಪುತ್ತೂರಿಗೆ ಹೊರಟಿದ್ದೆವು. ನಾನು ತಯಾರಿ ಇಲ್ಲದೆ ಹೊರಡುವವನಲ್ಲ. ಫಾಸ್ಟ್ಯಾಗ್‌ಗೆ ದುಡ್ಡು ಹಾಕಿದ್ದೆ. ವೈಪರ್ ಬ್ಲೇಡು ಹೊಸದು. ಮಗಳಿಗೆ ವಾಂತಿ ಮಾತ್ರೆ, ನಿಂಬೆಹಣ್ಣು, ಪ್ಲಾಸ್ಟಿಕ್ ಕವರ್ ಎಲ್ಲ ಇತ್ತು. ಟೈರನ್ನೂ ನೋಡಿದ್ದೆ. ಅಂದರೆ ನಾಲ್ಕಕ್ಕೂ ಒಂದೊಂದು ಸಲ ಕಾಲಲ್ಲಿ ಒದ್ದಿದ್ದೆ. ಒದ್ದರೆ ಏನು ಗೊತ್ತಾಗುತ್ತದೆ? ನನಗೂ ಗೊತ್ತಿಲ್ಲ. ನಮ್ಮಪ್ಪ ಸ್ಕೂಟರಿಗೆ ಒದೆಯುತ್ತಿದ್ದರು, ನಾನು ಕಾರಿಗೆ ಒದೆಯುತ್ತೇನೆ.

ಸಕಲೇಶಪುರ ದಾಟಿದ ಮೇಲೆ ಮಳೆ ಜೋರಾಯಿತು. ಶಿರಾಡಿ ಘಾಟಿ ಇಳಿಯುತ್ತಿದ್ದೆವು. ಒಂದು ತಿರುವಿನಲ್ಲಿ ಮುಂದಿದ್ದ ಲಾರಿ ನಿಂತಿತು. ನಾನು ಬ್ರೇಕ್ ಒತ್ತಿದೆ. ಪೆಡಲ್ ಕಾಲಿನಡಿ ಕಟಕಟ ಎಂದಿತು. ಕಾರು ಮಾತ್ರ ಮಾತು ಕೇಳಲಿಲ್ಲ. ವೇಗ ನಲವತ್ತೂ ಇರಲಿಲ್ಲ, ಆದರೂ ಸೋಪಿನ ನೀರಿನ ಮೇಲೆ ಹೋದ ಹಾಗೆ ಹೋಯಿತು. ನಿಂತಾಗ ಲಾರಿಯ ಹಿಂದೆ ಬರೆದಿದ್ದ 'ತಾಯಿಯ ಆಶೀರ್ವಾದ'ದಲ್ಲಿ ಎಲ್ಲೆಲ್ಲಿ ಬಣ್ಣ ಎದ್ದಿದೆ ಎನ್ನುವುದೂ ಕಾಣುತ್ತಿತ್ತು.

"ಅಪ್ಪಾ, ಈಗ ಬ್ರೇಕ್ ಹಾಕಿದ್ದಾ?" ಎಂದಳು ಮಗಳು.

ನಾನು ಮೊದಲು ಲಾರಿಯವನಿಗೆ ಬೈದೆ. ಆಮೇಲೆ ರಸ್ತೆಗೆ, ಆಮೇಲೆ ಮಳೆಗೆ. ಗುಂಡ್ಯ ಬರುವ ತನಕ ಬೈಯಲು ಸಾಮಾನು ಬೇಕಾದಷ್ಟಿತ್ತು. ಹೆಂಡತಿ ಒಂದು ಮಾತೂ ಆಡಲಿಲ್ಲ. ಅವಳು ಸುಮ್ಮನಿದ್ದಾಳೆ ಎಂದರೆ ಅದು ಒಪ್ಪಿಗೆ ಅಲ್ಲ ಎಂದು ಹನ್ನೊಂದು ವರ್ಷದಲ್ಲಿ ಕಲಿತಿದ್ದೇನೆ.

ನೆಲ್ಯಾಡಿ ಹತ್ತಿರ ಬರುವಾಗ ಸ್ಟೀರಿಂಗ್ ಎಡಕ್ಕೆ ಎಳೆಯತೊಡಗಿತು. ಇಳಿದು ನೋಡಿದರೆ ಮುಂದಿನ ಎಡಗಡೆ ಟೈರ್ ಕೂತಿದೆ. ಡಿಕ್ಕಿಯಲ್ಲಿದ್ದ ಸ್ಟೆಪ್ನಿಯನ್ನು ಹೆಬ್ಬೆರಳಲ್ಲಿ ಒತ್ತಿದೆ. ಕಾರು ತಗೊಂಡ ಮೇಲೆ ಅದನ್ನು ಮುಟ್ಟಿದ್ದು ಅದೇ ಮೊದಲು. ಅದರಲ್ಲೂ ಗಾಳಿ ಇರಲಿಲ್ಲ. ಪುಣ್ಯಕ್ಕೆ ಕೂತಿದ್ದ ಟೈರು ಟ್ಯೂಬ್‌ಲೆಸ್ ಆದದ್ದಕ್ಕೆ ಪೂರ್ತಿ ಇಳಿದಿರಲಿಲ್ಲ. ಇಂಡಿಕೇಟರ್ ಹಾಕಿಕೊಂಡು, ಮದುವೆ ದಿಬ್ಬಣದ ವೇಗದಲ್ಲಿ ತೆವಳುತ್ತಾ ಆ ಅಂಗಡಿ ಸೇರಿದೆವು.

ಅಂಗಡಿಯವರಿಗೆ ಅರವತ್ತರ ಆಸುಪಾಸು. ಸೋಪಿನ ನೀರು ಹಾಕಿ ಗುಳ್ಳೆ ಎದ್ದ ಜಾಗ ಹುಡುಕಿದರು. ಮೊಳೆ ಕಿತ್ತರು, ರಬ್ಬರ್ ಎಳೆ ತುರುಕಿ ಉಳಿದದ್ದನ್ನು ಕೊಯ್ದರು. ಹತ್ತು ನಿಮಿಷವೂ ಆಗಲಿಲ್ಲ. ಚಕ್ರ ವಾಪಸ್ ಹಾಕುವ ಮೊದಲು ಅಂಗೈಯನ್ನು ಟೈರಿನ ಒಳಬದಿಗೆ ಸವರಿದರು. ಇನ್ನೊಮ್ಮೆ ಸವರಿದರು.

"ಇಲ್ಲಿ ಬನ್ನಿ ಸರ್. ಕೈ ಇಡಿ."

ಇಟ್ಟೆ. ಹೊರಬದಿಯಲ್ಲಿ ಗೆರೆಗಳು ಕಾಣುತ್ತಿದ್ದವು. ಒಳಬದಿ ಸ್ಲೇಟು. ಒಂದು ಕಡೆ ನೂಲು ಕಾಣುವುದಕ್ಕೆ ಕಾಗದದಷ್ಟು ರಬ್ಬರ್ ಉಳಿದಿತ್ತೇನೋ.

"ಅಲೈನ್‌ಮೆಂಟ್ ಹೋಗಿದೆ. ನೀವು ನಿಂತು ನೋಡಿದ್ರೆ ಇದು ಕಾಣುದಿಲ್ಲ," ಎಂದರು. ಎಷ್ಟು ದೊಡ್ಡ ಮನಸ್ಸು ನೋಡಿ, ನನಗೊಂದು ನೆಪವನ್ನೂ ಅವರೇ ಕೊಟ್ಟರು.

ಅಂಗಡಿಯ ಮೂಲೆಯಲ್ಲಿ ಹಳೇ ಟೈರುಗಳ ರಾಶಿ ಇತ್ತು. ಒಂದರಲ್ಲಿ ಗ್ರಿಪ್ ಚೆನ್ನಾಗಿತ್ತು, ನಮ್ಮ ಸೈಜೇ. ಅದನ್ನು ಕೊಡ್ತೀರಾ ಎಂದೆ. ಅವರು ಅದರ ಪಕ್ಕೆಯನ್ನು ತಿರುಗಿಸಿ, ಮೊಟ್ಟೆಯಾಕಾರದ ಗೆರೆಯೊಳಗಿನ ನಾಲ್ಕು ಅಂಕಿ ತೋರಿಸಿದರು. 1414. ಅಂದರೆ 2014ರ ಹದಿನಾಲ್ಕನೇ ವಾರ ತಯಾರಾದದ್ದು. ಪಕ್ಕೆಯನ್ನು ಸ್ವಲ್ಪ ಬಗ್ಗಿಸಿದಾಗ ಬೇಸಿಗೆಯ ಕೆರೆಯಂತೆ ಸಣ್ಣ ಸಣ್ಣ ಬಿರುಕು ಕಂಡವು. "ಇದು ಎತ್ತಿನ ಗಾಡಿಗೆ ಆಗ್ತದೆ. ಮಕ್ಕಳು ಕೂರುವ ಕಾರಿಗೆ ಬೇಡ." ನಮ್ಮದರ ಅಂಕಿ ನೋಡಿದೆವು. 4117. ಕಾರಿನ ಜೊತೆ ಬಂದ ಟೈರು, ಎಂಟು ವರ್ಷ, ಐವತ್ತೆಂಟು ಸಾವಿರ ಕಿಲೋಮೀಟರ್.

ಆಗ ಕೇಳಿದೆ, "ಪುತ್ತೂರು ತನಕ ಹೋಗಬಹುದಾ?"

ಅದಕ್ಕೆ ಬಂದ ಉತ್ತರವೇ ಮೇಲೆ ಬರೆದದ್ದು. ಘಾಟಿಯಲ್ಲಿ ಏನಾಯಿತು ಎಂದು ನಾನು ಅವರಿಗೆ ಹೇಳಿರಲಿಲ್ಲ.

ನೂರೈವತ್ತು ಎಂದರು. ಇನ್ನೂರು ಕೊಟ್ಟೆ. ಐವತ್ತು ವಾಪಸ್ ಕೊಟ್ಟರು.

ಮೂರು ತಿಂಗಳ ಹಿಂದೆ ಸರ್ವೀಸಿಗೆ ಬಿಟ್ಟಾಗ ಅಲ್ಲಿಯ ಹುಡುಗನೂ "ಸರ್, ಟೈರ್ ಚೇಂಜ್ ಮಾಡ್ಬೇಕು" ಎಂದಿದ್ದ. ನಾನು ನಕ್ಕು ಬಂದಿದ್ದೆ. ಟೈರ್ ಮಾರುವವನು ಟೈರ್ ಸವೆದಿದೆ ಎನ್ನದೆ ಇನ್ನೇನು ಎನ್ನುತ್ತಾನೆ, ಅಲ್ವಾ? ಈಗ ನೋಡಿದರೆ ಆ ಹುಡುಗ ಹೇಳಿದ್ದು ಸರಿ ಇತ್ತು. ಆದರೆ ಅವನನ್ನು ನಂಬಲು ನನಗೆ ಕಾರಣ ಇರಲಿಲ್ಲ. ಪಂಚರ್ ಅಂಗಡಿಯವರನ್ನು ಯಾಕೆ ನಂಬಿದೆ ಎಂದರೆ, ಅವರು ಮಾರಬಹುದಾಗಿದ್ದ ಒಂದೇ ಟೈರನ್ನೂ ಮಾರಲಿಲ್ಲ.

ಇನ್ನೊಂದು ವಿಷಯ ಹೇಳಿಬಿಡುತ್ತೇನೆ. ಕೆಲವು ತಿಂಗಳಿಂದ ನಮ್ಮ ಕಾರು ಮೈಲೇಜ್ ಚೂರು ಜಾಸ್ತಿ ಕೊಡುತ್ತಿತ್ತು. ನಾನು ಓಡಿಸುವ ರೀತಿ ಹಾಗೆ ಎಂದು ಭಾವನಿಗೆ ಫೋನಿನಲ್ಲಿ ಕೊಚ್ಚಿಕೊಂಡಿದ್ದೆ. ಆಮೇಲೆ ಓದಿದೆ. ಸವೆದ ಟೈರು ಹಗುರಾಗಿ ಉರುಳುತ್ತದೆ, ಹೊಸದರಷ್ಟು ಎಂಜಿನ್ನಿನ ಶಕ್ತಿ ತಿನ್ನುವುದಿಲ್ಲ. ಒಣ ರಸ್ತೆಯಲ್ಲಿ ಬೇರೇನೂ ಗೊತ್ತಾಗುವುದಿಲ್ಲ. ಸಾಯುವ ಮುಂಚೆ ಅದು ಚೆನ್ನಾಗಿಯೇ ಓಡುತ್ತದೆ. ನೀರು ಬಿದ್ದಾಗ ಮಾತ್ರ ಬಣ್ಣ ಬಯಲು. ಟೈರಿನ ಗೆರೆಗಳು ಇರುವುದೇ ಕೆಳಗಿನ ನೀರು ಹೊರಗೆ ಹೋಗಲಿ ಎಂದು. ಗೆರೆ ಇಲ್ಲದಿದ್ದರೆ ನೀರಿಗೆ ದಾರಿ ಇಲ್ಲ, ರಬ್ಬರಿಗೆ ರಸ್ತೆ ಸಿಗುವುದಿಲ್ಲ. ಹೊಸ ಟೈರಿನಲ್ಲಿ ಆ ಗೆರೆ ಏಳೆಂಟು ಮಿಲಿಮೀಟರ್ ಆಳ ಇರುತ್ತದೆ. ಕಾರಿಗೆ ಕನಿಷ್ಠ 1.6 ಮಿಲಿಮೀಟರ್ ಇರಲೇಬೇಕು ಎಂದು ನಮ್ಮ ಮೋಟಾರು ವಾಹನ ನಿಯಮ ಹೇಳುತ್ತದೆ. ಅದನ್ನು ಅಳೆಯಲು ಸ್ಕೇಲೂ ಬೇಡ. ಗೆರೆಯೊಳಗೆ ಅಡ್ಡಲಾಗಿ ಸಣ್ಣ ದಿಬ್ಬ ಇರುತ್ತದೆ. ಟೈರು ಆ ದಿಬ್ಬದ ಮಟ್ಟಕ್ಕೆ ಬಂತು ಎಂದರೆ ಮುಗೀತು. ಮಳೆಯಲ್ಲಿ ದೂರ ಹೋಗುವವರು ಅಷ್ಟು ತನಕವೂ ಕಾಯಬಾರದು, 3 ಮಿಲಿಮೀಟರಿಗೇ ಬದಲಿಸಬೇಕು ಎನ್ನುವವರೂ ಇದ್ದಾರೆ. ಇದನ್ನೆಲ್ಲ ನಾನು ಓದಿದ್ದು ಯಾವಾಗ? ಶನಿವಾರ ರಾತ್ರಿ, ಪುತ್ತೂರಿನಲ್ಲಿ, ಎಲ್ಲರೂ ಮಲಗಿದ ಮೇಲೆ.

ಆಫೀಸಿನಲ್ಲಿ ನಾಗಪುರದ ಒಬ್ಬರಿದ್ದಾರೆ. ಅವರ ಕಡೆ ಸಮೃದ್ಧಿ ಹೆದ್ದಾರಿ 2022ರ ಡಿಸೆಂಬರಿನಲ್ಲಿ ಶಿರಡಿ ತನಕ ಶುರುವಾಯಿತು. ಕಾಂಕ್ರೀಟ್ ರಸ್ತೆ, ನೂರಿಪ್ಪತ್ತರ ವೇಗ. ಟೈರ್ ಸಿಡಿದು ಅಪಘಾತ ಆಗತೊಡಗಿದ ಮೇಲೆ ಅಲ್ಲಿ ಟೈರ್ ನೋಡಿ, ಸವೆದಿದ್ದರೆ ಗಾಡಿ ವಾಪಸ್ ಕಳಿಸಲು ಶುರುಮಾಡಿದರು. ಅವರು ಇದನ್ನು ಹೇಳಿದಾಗ ನಾನು "ಚಪ್ಪಲಿ ನೋಡಿ ದೇವಸ್ಥಾನಕ್ಕೆ ಬಿಟ್ಟ ಹಾಗಾಯಿತಲ್ಲ" ಎಂದು ತಮಾಷೆ ಮಾಡಿದ್ದೆ. ನಮ್ಮ ಘಾಟಿಯ ಬಾಯಲ್ಲಿ ಯಾರಾದರೂ ಹಾಗೆ ನಿಂತಿದ್ದರೆ ಶನಿವಾರ ನಾವು ಸಕಲೇಶಪುರದಲ್ಲೇ ಉಳಿಯಬೇಕಿತ್ತು.

ಯಾಕೆ ಬದಲಿಸಿರಲಿಲ್ಲ? ದುಡ್ಡು ಇರಲಿಲ್ಲ ಎಂದರೆ ಸುಳ್ಳು. ಟೈರು ಬಿಸಾಡುವ ವಸ್ತು ಎಂದು ನನಗೆ ಯಾವತ್ತೂ ಅನಿಸಿಯೇ ಇಲ್ಲ. ತುಮಕೂರು ಕಡೆಯ ನಮ್ಮ ಹಳ್ಳಿಯಲ್ಲಿ ಟೈರು ಸಾಯುವುದನ್ನು ನಾನು ನೋಡಿಲ್ಲ. ಅಜ್ಜ ಟೈರಿನ ಚಪ್ಪಲಿ ಹಾಕಿಕೊಂಡೇ ಹೊಲಕ್ಕೆ ಹೋಗುತ್ತಿದ್ದರು. ಗಾಳಿಗೆ ಶೀಟು ಹಾರದಿರಲಿ ಎಂದು ಮನೆ ಮೇಲೆ ಟೈರು. ಹುಣಸೆ ಮರಕ್ಕೆ ಟೈರಿನ ಉಯ್ಯಾಲೆ. ಸೈಕಲ್ ಟೈರನ್ನು ಕೋಲಿನಿಂದ ಹೊಡೆದುಕೊಂಡು ನಾನೇ ಎಷ್ಟು ಮೈಲಿ ಓಡಿದ್ದೇನೋ. ಅಪ್ಪನ ಚೇತಕ್ ಸ್ಕೂಟರಿನ ಹಿಂದಿನ ಟೈರು ಬೋಳಾದರೆ ಅದು ಸ್ಟೆಪ್ನಿ ಆಗುತ್ತಿತ್ತು, ಸ್ಟೆಪ್ನಿ ಮುಂದಕ್ಕೆ ಹೋಗುತ್ತಿತ್ತು. ಅವರು ನೋಟ್‌ಬುಕ್ಕಿನ ಉಳಿದ ಹಾಳೆ ಹೊಲಿದು ಹೊಸ ಪುಸ್ತಕ ಮಾಡಿಕೊಟ್ಟ ಮನುಷ್ಯ. ಅಪ್ಪನನ್ನು ದೂರುತ್ತಿಲ್ಲ. ಅವರ ಸ್ಕೂಟರ್ ಊರಿಂದ ಸ್ಕೂಲಿಗೆ ಮೂವತ್ತರಲ್ಲಿ ಹೋಗುತ್ತಿತ್ತು. ನಾನು ಅವರ ಲೆಕ್ಕವನ್ನು ಹೆದ್ದಾರಿಗೆ ತಂದೆ. ಎಂಬತ್ತರಲ್ಲಿ ಹೋಗುವ ಕಾರು ಸೆಕೆಂಡಿಗೆ ಇಪ್ಪತ್ತೆರಡು ಮೀಟರ್ ದಾಟುತ್ತದೆ.

ಅದೂ ಅಲ್ಲದೆ ನಮ್ಮ ಮಾತೇ ಹಾಗಿದೆ. ಗಾಡಿ ಹೇಗಿದೆ ಎಂದರೆ "ಚೆನ್ನಾಗಿ ಓಡುತ್ತೆ" ಎನ್ನುತ್ತೇವೆ. ಹಳೇ ಕಾರು ಮಾರುವ ಎಷ್ಟು ಜನರ ಹತ್ತಿರ ಮಾತಾಡಿದ್ದೇನೆ, ಒಬ್ಬರಾದರೂ "ಚೆನ್ನಾಗಿ ನಿಲ್ಲುತ್ತೆ ಸರ್" ಎಂದದ್ದಿಲ್ಲ. ನಾನೂ ಕೇಳಿಲ್ಲ. ಆವತ್ತೂ ನಾನು ಕೇಳಿದ್ದು ಹೋಗಬಹುದಾ ಎಂದೇ.

ಪುತ್ತೂರು ತನಕ ನಲವತ್ತು ದಾಟಲಿಲ್ಲ. ಹಿಂದಿನಿಂದ ಬಸ್ಸುಗಳು ಹಾರ್ನ್ ಮಾಡಿ ಮಾಡಿ ಸುಸ್ತಾದವು.

ರಾತ್ರಿ ಊಟಕ್ಕೆ ಕೂತಾಗ ಭಾವ ತೀರ್ಪು ಕೊಟ್ಟರು. "ಎರಡೇ ಹಾಕಿಸಿ ಭಾವ, ಮುಂದಕ್ಕೆ. ಹಿಂದಿನದ್ದು ಇನ್ನೂ ಐದು ಸಾವಿರ ಓಡ್ತದೆ." ಎಲ್ಲದಕ್ಕೂ ಐದು ಸಾವಿರ ಓಡುತ್ತದೆ ಎನ್ನುವುದು ಅವರ ಚಾಳಿ. ಎರಡೇ ಹಾಕಿಸುವುದಾದರೆ ಹೊಸದು ಹಿಂದಕ್ಕೆ ಹೋಗಬೇಕು ಎಂದೆ. ಮುಂದಿನದು ಜಾರಿದರೆ ಕಾರು ತಿರುಗದೆ ನೇರ ಹೋಗುತ್ತದೆ, ಕಾಲು ತೆಗೆದರೆ ಸ್ವಲ್ಪವಾದರೂ ಹಿಡಿತಕ್ಕೆ ಬರುತ್ತದೆ. ಹಿಂದಿನದು ಜಾರಿದರೆ ಕಾರೇ ಬುಗುರಿ. ಭಾವ ಒಪ್ಪಲಿಲ್ಲ. ಎಂಜಿನ್ ಮುಂದೆ, ಬ್ರೇಕ್ ಮುಂದೆ, ಟೈರ್ ಮಾತ್ರ ಹಿಂದೆಯಾ ಎಂದರು. ವಾದ ಸಾರಿನಿಂದ ಮಜ್ಜಿಗೆ ತನಕ ನಡೆಯಿತು.

ಕಪ್ಪು ಕನ್ನಡಕ ಹಾಕಿಕೊಂಡು ಕೂತಿದ್ದ ಅತ್ತೆ ಕೊನೆಗೆ ಬಾಯಿ ಬಿಟ್ಟರು. "ಒಂದು ಕಣ್ಣು ಮಾಡಿಸಿದ್ದೇನೆ. ಇನ್ನೊಂದು ಇಷ್ಟು ಹಾಳಾಗಿದೆ ಅಂತ ಈಗ ಗೊತ್ತಾಗ್ತಾ ಉಂಟು. ನಾಲ್ಕೂ ಹಾಕಿಸಿ ಮಾರಾಯ್ರೇ, ಮೊದಲು ಊಟ ಮಾಡಿ."

ಸೋಮವಾರ ಬೆಳಿಗ್ಗೆ ಅಲ್ಲೇ ನಾಲ್ಕೂ ಹಾಕಿಸಿದೆ. ಅಲೈನ್‌ಮೆಂಟ್, ಬ್ಯಾಲೆನ್ಸಿಂಗ್ ಸೇರಿ 19,800. ಹೊಸ ಟೈರಿನ ನಾಲ್ಕು ಅಂಕಿಯನ್ನು ಮಂಡಿಯೂರಿ ಓದಿದೆ. ಅಂಗಡಿ ಹುಡುಗ ನಗುತ್ತಿದ್ದ, ನಗಲಿ.

ವಾಪಸ್ ಬರುವಾಗ ನೆಲ್ಯಾಡಿ ಹತ್ತಿರ ನಿಲ್ಲಿಸಿದೆ. ಸುಮ್ನೆ, ತೋರಿಸೋಣ ಎಂದು. ಒಳ್ಳೇ ಮಾರ್ಕ್ಸ್ ಬಂದ ಹುಡುಗನ ಹಾಗೆ ನಿಂತಿದ್ದೆ. ಅವರು ಕಾರಿನ ಸುತ್ತ ಒಂದು ಸುತ್ತು ಬಂದರು. ಮುಂದಿನ ಚಕ್ರದ ಒಳಬದಿಗೆ ಕೈ ಹಾಕಿ ಸವರಿದರು. ತಲೆ ಆಡಿಸಿದರು.

"ಸ್ಟೆಪ್ನಿಗೆ ಗಾಳಿ ಹಾಕಿಸಿದ್ರಾ?"

ಹೆಂಡತಿ ಈ ಸಲ ನನ್ನ ಮುಖ ನೋಡಲಿಲ್ಲ. ಸೀದಾ ಇಳಿದು ಹೋಗಿ ಡಿಕ್ಕಿ ತೆಗೆದಳು. ಸ್ಟೆಪ್ನಿ ಎಲ್ಲದಕ್ಕಿಂತ ಕೆಳಗಿತ್ತು. ಅದರ ಮೇಲೆ ಇಪ್ಪತ್ತು ತೆಂಗಿನಕಾಯಿ, ಎರಡು ಡಬ್ಬ ಹಲಸಿನ ಹಪ್ಪಳ, ಒಂದು ಬಾಳೆಗೊನೆ, ಉಪ್ಪಿನಕಾಯಿ ಭರಣಿ. ಮಳೆ ಹನಿಯುತ್ತಿತ್ತು. ಒಂದೊಂದೇ ಇಳಿಸಿ, ಅಂಗಡಿಯ ಶೀಟಿನ ಕೆಳಗೆ, ಆ 1414ರ ಟೈರಿನ ಪಕ್ಕದಲ್ಲಿ ಜೋಡಿಸಿಟ್ಟೆ.